ಗಾಳಿ ನೋಡಿ ಹಕ್ಕಿ ನೋಡಿ: ಜಿಬ್ರಾಲ್ಟರ್‌ನ ವಸಂತ ವಲಸೆಯ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ, ಜಿಬ್ರಾಲ್ಟರ್ ಬಂಡೆಯ ದಕ್ಷಿಣ ತುದಿಯಾದ ಯುರೋಪಾ ಪಾಯಿಂಟ್ ಎಂಬ ಭೂಶಿರದಲ್ಲಿ ನಿಂತು, ಆಫ್ರಿಕಾದಲ್ಲಿ ಚಳಿಗಾಲ ಕಳೆದ ಹಕ್ಕಿಗಳು ಜಲಸಂಧಿ ದಾಟಿ ಯುರೋಪಿಗೆ ಮರಳುವುದನ್ನು ನೋಡಿದ ಸಂಗತಿಯನ್ನು ಪ್ರಸ್ತಾಪಿಸಿದ್ದೆ. ಅದನ್ನು ಓದಿ ಬರೆದವರ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಗಳು ಸ್ಪೇನಿನ ಮಲಗಾದಲ್ಲಿದ್ದಾಳೆ. ಏಪ್ರಿಲ್ ಕೊನೆಗೆ ಅಲ್ಲಿಗೆ ಹೋಗುವವರಿದ್ದೇವೆ. ಜಿಬ್ರಾಲ್ಟರ್‌ಗೆ ಎರಡು ದಿನ ಮೀಸಲಿಡಬಹುದು. ಯಾವ ದಿನ ಹೋದರೆ ಹಕ್ಕಿಗಳು ಖಚಿತವಾಗಿ ಕಾಣುತ್ತವೆ? (ನಿವೃತ್ತ ಶಿಕ್ಷಕರೊಬ್ಬರು, ಧಾರವಾಡ)

ಉತ್ತರ: ತಿಂಗಳನ್ನು ನೀವು ಸರಿಯಾಗಿಯೇ ಆರಿಸಿದ್ದೀರಿ. ಬಿಳಿ ಕೊಕ್ಕರೆಗಳು ಮತ್ತು ಕರಿ ಹದ್ದುಗಳು ಫೆಬ್ರವರಿ, ಮಾರ್ಚ್‌ಗಳಲ್ಲೇ ದಾಟತೊಡಗುತ್ತವೆ; ಹಾವುಗಿಡುಗಗಳ ಭರಾಟೆ ಮಾರ್ಚ್‌ನಲ್ಲಿ; ಜೇನುಗಿಡುಗಗಳು ಮಾತ್ರ ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗಿನ ಕೆಲವೇ ದಿನಗಳಲ್ಲಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಬಂದು ಮುಗಿದುಹೋಗುತ್ತವೆ. ಆದರೆ ದಿನವನ್ನು ಕ್ಯಾಲೆಂಡರ್ ನೋಡಿ ನಿಶ್ಚಯಿಸಬೇಡಿ. ಅದನ್ನು ನಿಶ್ಚಯಿಸುವುದು ಗಾಳಿ. ಅಲ್ಲಿಯವರು ಮೂಡಣ ಗಾಳಿಯನ್ನು ಲೆವಾಂತೆ ಎಂದೂ ಪಡುವಣ ಗಾಳಿಯನ್ನು ಪೊನಿಯೆಂತೆ ಎಂದೂ ಕರೆಯುತ್ತಾರೆ. ಉತ್ತರಕ್ಕೆ ಹೊರಟ ಹಕ್ಕಿಯನ್ನು ಪೊನಿಯೆಂತೆಯು ಪೂರ್ವಕ್ಕೆ, ಅಂದರೆ ಜಿಬ್ರಾಲ್ಟರ್‌ನ ಮೇಲಕ್ಕೆ ತಳ್ಳುತ್ತದೆ. ಲೆವಾಂತೆಯು ಅದೇ ಹಕ್ಕಿಯನ್ನು ಪಶ್ಚಿಮಕ್ಕೆ ಸರಿಸಿ ಸ್ಪೇನಿನ ತರೀಫಾ ಊರಿನ ಕಡೆಗೆ ಒಯ್ಯುತ್ತದೆ. ಗಾಳಿ ತೀರ ಜೋರಾದರೆ ಹಕ್ಕಿಗಳು ಮೊರಾಕ್ಕೊದ ಬೆಟ್ಟಗಳಲ್ಲೇ ಕಾದು ಕೂರುತ್ತವೆ.

ಮೊದಲ ಸಲ ಹೋದಾಗ ನನಗೆ ಇದರ ಅರಿವಿರಲಿಲ್ಲ. ಮೂರು ದಿನ ಬಿಡದೆ ಮೂಡಣ ಗಾಳಿ ಬೀಸಿತು, ಬಂಡೆಯ ನೆತ್ತಿಗೆ ಬೂದು ಮೋಡವೊಂದು ಮುಸುಕು ಹಾಕಿಕೊಂಡಿತ್ತು, ನಾನು ಕಂಡದ್ದು ಕಡಲಕಾಗೆಗಳನ್ನು ಮತ್ತು ನನ್ನ ಕೈಯಿಂದ ಬಿಸ್ಕತ್ತಿನ ಪೊಟ್ಟಣ ಕಿತ್ತುಕೊಂಡು ಹೋದ ಒಂದು ಬಾರ್ಬರಿ ಕೋತಿಯನ್ನು. ನಾಲ್ಕನೆಯ ಬೆಳಿಗ್ಗೆ ಗಾಳಿ ದಿಕ್ಕು ಬದಲಿಸಿತು. ಹತ್ತೂವರೆಯ ಹೊತ್ತಿಗೆ, ಅಲೆಗಳಿಂದ ಆಳೆತ್ತರ ಮಾತ್ರ ಮೇಲೆ, ಕಂದು ಬಣ್ಣದ ಜೇನುಗಿಡುಗವೊಂದು ರೆಕ್ಕೆ ಬಡಿಯುತ್ತ, ಬಡಿಯುತ್ತ, ಎಲ್ಲಿ ನೀರಿಗೆ ಬೀಳುತ್ತದೋ ಎನ್ನಿಸುವಷ್ಟು ಬಳಲಿ ಬರುತ್ತಿತ್ತು. ದಡಕ್ಕೆ ಇನ್ನೂ ಇನ್ನೂರು ಮೀಟರ್ ಇರುವಾಗಲೇ ಎರಡು ಕಡಲಕಾಗೆಗಳು ಅದರ ಬೆನ್ನಿಗೆ ಬಿದ್ದವು. ವಸಂತದಲ್ಲಿ ಬಂಡೆಯ ತುಂಬ ಅವುಗಳ ಗೂಡುಗಳಿರುವುದರಿಂದ ಹತ್ತಿರ ಬಂದ ಯಾವ ಬೇಟೆಹಕ್ಕಿಯನ್ನೂ ಅವು ಸಹಿಸುವುದಿಲ್ಲ, ದಣಿದ ಕೆಲವನ್ನು ನೀರಿಗೆ ಕೆಡವುವುದೂ ಉಂಟು. ಈ ಗಿಡುಗ ಒಮ್ಮೆ ಮಗುಚಿ ಕಾಲು ಚಾಚಿತು, ಇನ್ನೊಮ್ಮೆ ಪಕ್ಕಕ್ಕೆ ಜಾರಿತು, ಆಮೇಲೆ ನನ್ನ ಕಾಲ ಕೆಳಗಿನ ಬಂಡೆಯ ಗೋಡೆಯನ್ನು ಮುಟ್ಟಿತು. ಅಲ್ಲಿ ಗಾಳಿ ಬಂಡೆಗೆ ಬಡಿದು ಮೇಲೇಳುತ್ತಿತ್ತು. ಬಡಿಯುವುದನ್ನು ಅದು ಒಮ್ಮೆಲೇ ನಿಲ್ಲಿಸಿ ರೆಕ್ಕೆ ಹರಡಿತು. ನಾನು ಅದರ ಹಳದಿ ಕಣ್ಣನ್ನು ಕಂಡೆನೋ ಇಲ್ಲವೋ ಎನ್ನುವಷ್ಟರಲ್ಲಿ ದೀಪಸ್ತಂಭದ ತಲೆಗಿಂತ ಮೇಲಿತ್ತು.

ಆದ್ದರಿಂದ ಮಲಗಾದಲ್ಲೇ ಇದ್ದು ಹವಾಮಾನದ ಮುನ್ಸೂಚನೆ ನೋಡುತ್ತಿರಿ, ಹದವಾದ ಪಡುವಣ ಗಾಳಿಯ ದಿನ ಜಿಬ್ರಾಲ್ಟರ್‌ಗೆ ಹೊರಡಿ. ಗಾಳಿ ಮೂಡಣಕ್ಕೆ ತಿರುಗಿದರೆ ಹಠ ಮಾಡದೆ, ಸುಮಾರು 40 ಕಿ.ಮೀ. ದೂರದ ತರೀಫಾಕ್ಕೆ ಹೋಗಿ. ಬೇಟೆಹಕ್ಕಿಗಳಿಗಾಗಿ ನಸುಕಿನಲ್ಲಿ ಏಳಬೇಕಾಗಿಲ್ಲ. ಆಫ್ರಿಕಾದ ನೆಲ ಕಾದು, ಅವು ಮೇಲೇರಿ ಇತ್ತ ಮುಟ್ಟುವಷ್ಟರಲ್ಲಿ ಸಾಮಾನ್ಯವಾಗಿ ಹತ್ತು ಗಂಟೆಯಾಗಿರುತ್ತದೆ.

ಪ್ರಶ್ನೆ: ರೆಕ್ಕೆಯಿರುವ ಹಕ್ಕಿಗೆ ಕಡಲನ್ನು ಎಲ್ಲಿ ದಾಟಿದರೇನು? ಎಲ್ಲವೂ ಅದೊಂದೇ ಮೂಲೆಗೆ ಬರುವುದೇಕೆ? (ಕಾಲೇಜು ವಿದ್ಯಾರ್ಥಿನಿ, ಮೈಸೂರು)

ಉತ್ತರ: ಎಲ್ಲವೂ ಬರುವುದಿಲ್ಲ. ಆ ಮೂಲೆಯನ್ನೇ ಹುಡುಕಿಕೊಂಡು ಬರುವುದು ಮುಖ್ಯವಾಗಿ ದೊಡ್ಡ ರೆಕ್ಕೆಯ ಭಾರದ ಹಕ್ಕಿಗಳು. ಕೊಕ್ಕರೆ, ರಣಹದ್ದು, ಗಿಡುಗ ಮೊದಲಾದವು ರೆಕ್ಕೆ ಬಡಿದು ದೂರ ಹೋಗುವ ಹಕ್ಕಿಗಳಲ್ಲ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬದಲ್ಲಿ ಸುತ್ತುತ್ತ ಎತ್ತರಕ್ಕೇರಿ, ಅಲ್ಲಿಂದ ಮುಂದಿನ ಕಂಬದವರೆಗೆ ಜಾರಿಕೊಂಡು ಹೋಗುವುದು ಅವುಗಳ ಪ್ರಯಾಣದ ರೀತಿ. ಕಡಲಿನ ನೀರು ನೆಲದಂತೆ ಬೇಗ ಕಾಯುವುದಿಲ್ಲವಾದ್ದರಿಂದ ಅದರ ಮೇಲೆ ಅಂಥ ಕಂಬಗಳು ಏಳುವುದಿಲ್ಲ, ಅಲ್ಲಿ ಪ್ರತಿಯೊಂದು ಮೀಟರನ್ನೂ ಸ್ನಾಯುಬಲದಿಂದಲೇ ದಾಟಬೇಕು. ಹಾಗಾಗಿ ಅವು ನೀರು ಅತ್ಯಂತ ಕಿರಿದಾಗಿರುವ ಜಾಗವನ್ನು ಹುಡುಕುತ್ತವೆ. ಜಿಬ್ರಾಲ್ಟರ್ ಜಲಸಂಧಿಯ ಅತಿ ಕಿರಿದಾದ ಅಗಲ ಸುಮಾರು 14 ಕಿ.ಮೀ.

ಇದಕ್ಕಾಗಿ ಅವು ಎಷ್ಟು ಬಳಸಿಕೊಂಡು ಬರುತ್ತವೆಂಬುದಕ್ಕೆ ನನಗೆ ಬಲು ಇಷ್ಟವಾದ ಉದಾಹರಣೆ ಇಟಲಿಯ ಹಾವುಗಿಡುಗಗಳದು. ಮಧ್ಯ ಇಟಲಿಯಲ್ಲಿ ಗೂಡು ಕಟ್ಟುವ ಈ ಹಕ್ಕಿಗಳಿಗೆ ಟ್ಯುನೀಸಿಯಾದಿಂದ ಸಿಸಿಲಿಗೆ ಹಾರಿಬಿಟ್ಟರೆ ಮನೆ ಸಮೀಪ. ಆದರೆ ನಡುವೆ ಸುಮಾರು 145 ಕಿ.ಮೀ. ನೀರಿದೆ. ಅದಕ್ಕೆ ಅವುಗಳಲ್ಲಿ ಹೆಚ್ಚಿನವು ಜಿಬ್ರಾಲ್ಟರ್‌ನಲ್ಲಿ ದಾಟಿ, ಇಡೀ ಸ್ಪೇನನ್ನೂ ದಕ್ಷಿಣ ಫ್ರಾನ್ಸನ್ನೂ ಹಾದು, ಇಟಲಿಗೆ ಉತ್ತರದ ಬಾಗಿಲಿನಿಂದ ಪ್ರವೇಶಿಸುತ್ತವೆ. ನೀವು ಯುರೋಪಾ ಪಾಯಿಂಟ್‌ನಲ್ಲಿ ನೋಡುವ ಹಾವುಗಿಡುಗ ಅಂಥದೊಂದಾಗಿರಬಹುದು.

ಪ್ರಶ್ನೆ: ದೂರದಲ್ಲಿ ಕಪ್ಪು ಚುಕ್ಕಿಯಂತೆ ಕಾಣುವ ಹಕ್ಕಿಯನ್ನು ಗುರುತಿಸುವುದು ಹೇಗೆ? ನನ್ನ ಬಳಿ 8x42 ದುರ್ಬೀನು ಇದೆ. (ಸಾಗರ)

ಉತ್ತರ: ಆ ದುರ್ಬೀನು ಸಾಕು. ತೊಡಕು ಬೇರೆಯೇ ಇದೆ. ಹಕ್ಕಿಗಳು ದಕ್ಷಿಣದಿಂದ ಬರುತ್ತವೆ, ಮಧ್ಯಾಹ್ನದ ಸೂರ್ಯನೂ ದಕ್ಷಿಣದಲ್ಲೇ ಇರುತ್ತಾನೆ. ಆದ್ದರಿಂದ ಬಣ್ಣವನ್ನು ಮರೆತು ಆಕಾರವನ್ನು ಕಲಿಯಬೇಕು. ಕರಿ ಹದ್ದಿಗೆ ಬಾಲದ ತುದಿಯಲ್ಲಿ ಕವಲು, ಅದನ್ನು ಚುಕ್ಕಾಣಿಯಂತೆ ತಿರುಚುತ್ತಲೇ ಇರುತ್ತದೆ. ಜೇನುಗಿಡುಗದ ತಲೆ ಪಾರಿವಾಳದ ತಲೆಯಂತೆ ಸಣ್ಣದು, ಕತ್ತು ಮುಂದಕ್ಕೆ ಚಾಚಿಕೊಂಡಿರುತ್ತದೆ, ಬಾಲ ಉದ್ದ. ಹಾವುಗಿಡುಗ ಕೆಳಗಿನಿಂದ ಬಹುತೇಕ ಬಿಳಿ, ತಲೆ ಗೂಬೆಯ ತಲೆಯಂತೆ ದಪ್ಪ. ಸೆಳೆವಗಳು (ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು) ಉದ್ದ ಕಿರಿದಾದ ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ತೇಲುತ್ತವೆ. ಬಡಿದು ಹಾರುವ ಬಲವಿರುವುದರಿಂದ ಅವಕ್ಕೆ ಕಡಲಿನ ಹೆದರಿಕೆಯೂ ಕಡಿಮೆ.

ಪ್ರಶ್ನೆ: ಬೆಂಗಳೂರಿನ ಮಾಂಸದಂಗಡಿಗಳ ಮೇಲೆ ಸುತ್ತುವ ಹದ್ದೂ ಅಲ್ಲಿಯ ಕರಿ ಹದ್ದೂ ಒಂದೆಯೇ? ನಮ್ಮದೇಕೆ ವಲಸೆ ಹೋಗುವುದಿಲ್ಲ? (ಬೆಂಗಳೂರು)

ಉತ್ತರ: ಜಾತಿ ಒಂದೇ, ಉಪಜಾತಿ ಬೇರೆ. ಜಾತಿಯ ಶಾಸ್ತ್ರೀಯ ಹೆಸರು ಮಿಲ್ವಸ್ ಮೈಗ್ರನ್ಸ್. ಎರಡನೆಯ ಪದದ ಅರ್ಥವೇ ವಲಸೆ ಹೋಗುವುದು ಎಂದು. ಆದರೆ ನಮ್ಮ ಹದ್ದಿನ ಉಪಜಾತಿಗೆ, ದಖ್ಖನಿನ ಹಕ್ಕಿಗಳನ್ನು ಅಭ್ಯಸಿಸಿದ ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ 1832ರಲ್ಲಿ ಇಟ್ಟ ಹೆಸರು ಗೋವಿಂದ. ಗೋವಿಂದನಿಗೆ ಬೆಂಗಳೂರಿನಲ್ಲಿ ಹನ್ನೆರಡು ತಿಂಗಳೂ ಊಟ ಸಿಗುತ್ತದೆ, ಕೊರೆಯುವ ಚಳಿಯೂ ಇಲ್ಲ. ಹಾಗಿರುವಾಗ ಎಲ್ಲಿಗೆ ಹೋಗಬೇಕು? ಯುರೋಪಿನ ಹದ್ದಿಗೆ ಚಳಿಗಾಲದಲ್ಲಿ ಆ ಅನುಕೂಲವಿಲ್ಲ.

ಜೇನುಗಿಡುಗದ ವಿಷಯ ಬೇರೆ. ನಮ್ಮಲ್ಲಿ ಹೆಜ್ಜೇನಿನ ಹುಟ್ಟಿಗೆ ನುಗ್ಗುವ ಜೇನುಗಿಡುಗವೂ ಯುರೋಪಿನದೂ ದಾಯಾದಿಗಳಾದರೂ ಎರಡು ಪ್ರತ್ಯೇಕ ಜಾತಿಗಳು. ಯುರೋಪಿನದು ಕಣಜದ ಗೂಡುಗಳನ್ನು ನೆಲದಿಂದ ಅಗೆದು ಮರಿಹುಳಗಳನ್ನು ತಿನ್ನುತ್ತದೆ. ಆ ಗೂಡುಗಳು ಬೆಳೆಯುವುದು ಬೇಸಿಗೆಯಲ್ಲಿ, ಅದಕ್ಕೇ ಅದು ಎಲ್ಲರಿಗಿಂತ ತಡವಾಗಿ, ಮೇ ಹೊತ್ತಿಗೆ ಮರಳುವುದು.

ಪ್ರಶ್ನೆ: ಸಣ್ಣ ಹಕ್ಕಿಗಳ ವಿಷಯ ನೀವು ಬರೆಯಲೇ ಇಲ್ಲ. ಅವೂ ದಾಟುತ್ತವೆಯೇ? (ಗೃಹಿಣಿಯೊಬ್ಬರು, ಶಿರಸಿ)

ಉತ್ತರ: ಆಕ್ಷೇಪಣೆ ನ್ಯಾಯವಾದದ್ದು. ಸಂಖ್ಯೆಯಲ್ಲಿ ಅವೇ ಹೆಚ್ಚು. ಕವಲುತೋಕೆಗಳು ಹಗಲಿನಲ್ಲಿ ಅಲೆಗಳ ಮೇಲೆಯೇ ಒಂದರ ಹಿಂದೊಂದು ಬರುತ್ತವೆ. ಕಳ್ಳಿಪೀರಗಳ ಗುಂಪು ಕಾಣುವ ಮೊದಲೇ ಅವುಗಳ ಗುಳುಗುಳು ದನಿ ಮೇಲಿನಿಂದ ಕೇಳುತ್ತದೆ. 18ನೆಯ ಶತಮಾನದಲ್ಲಿ ಅಲ್ಲಿಯ ಸೈನ್ಯದ ಪಾದ್ರಿಯಾಗಿದ್ದ ಜಾನ್ ವೈಟ್ ಈ ದಾಟುವಿಕೆಯನ್ನು ಕಣ್ಣಾರೆ ಕಂಡು, ಇಂಗ್ಲೆಂಡಿನಲ್ಲಿದ್ದ ತನ್ನ ಅಣ್ಣ, ನಿಸರ್ಗಶಾಸ್ತ್ರಜ್ಞ ಗಿಲ್ಬರ್ಟ್ ವೈಟ್‌ಗೆ ಬರೆದು ತಿಳಿಸಿದ್ದ. ಕವಲುತೋಕೆಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದೇ ಆಗ ವಾದದ ವಿಷಯವಾಗಿತ್ತು.

ಉಲಿಯಕ್ಕಿ, ನೊಣಹಿಡುಕ ಮುಂತಾದವು ರಾತ್ರಿ ಹಾರುತ್ತವೆ. ಇಲ್ಲೊಂದು ವಿಪರ್ಯಾಸವಿದೆ: ಆಕಾಶ ನಿಚ್ಚಳವಾಗಿದ್ದ ರಾತ್ರಿ ಅವು ಬಂಡೆಯನ್ನು ಲೆಕ್ಕಿಸದೆ ಎತ್ತರದಲ್ಲಿ ದಾಟಿಹೋಗುತ್ತವೆ, ಬೆಳಿಗ್ಗೆ ಪೊದೆಗಳು ಖಾಲಿ. ನಡುರಾತ್ರಿ ಮಂಜು ಕವಿದು ಮಳೆ ಹನಿದರೆ, ಮುಂಜಾನೆ ಕಾಡು ಆಲಿವ್ ಪೊದೆಗಳಲ್ಲಿ ಕೊಂಬೆಗೊಂದರಂತೆ ಹಕ್ಕಿ. ಅಂಥ ಬೆಳಿಗ್ಗೆ ಹತ್ತಿರ ಹೋಗಿ ಅವನ್ನು ಎಬ್ಬಿಸಬಾರದು; ಅವು ಸಹಾರಾ ದಾಟಿ, ಸವೆದ ಮೈಯಲ್ಲಿ ಬಂದಿರುತ್ತವೆ.

ಪ್ರಶ್ನೆ: ಮೆಡಿಟರೇನಿಯನ್ ತೀರದಲ್ಲಿ ವಲಸೆ ಹಕ್ಕಿಗಳನ್ನು ಗುಂಡಿಕ್ಕಿ ಕೊಲ್ಲುತ್ತಾರಂತೆ, ನಿಜವೇ? ನಮ್ಮ ಕಾರವಾರದ ಗುಡ್ಡಗಳ ಮೇಲೆ ನಿಂತರೆ ಇಂಥ ವಲಸೆ ಕಾಣಬಹುದೇ? (ಕುಮಟಾ)

ಉತ್ತರ: ಮೊದಲನೆಯದು ನಿಜ. ಇಟಲಿಯ ಮೆಸ್ಸೀನಾ ಜಲಸಂಧಿಯ ಕಲಾಬ್ರಿಯಾ ದಡದಲ್ಲಿ, ವಸಂತದಲ್ಲಿ ಒಂದಾದರೂ ಜೇನುಗಿಡುಗವನ್ನು ಹೊಡೆಯದ ಗಂಡಸಿನ ಹೆಂಡತಿ ದಾರಿ ತಪ್ಪುತ್ತಾಳೆ ಎಂಬ ನಂಬಿಕೆಯಿತ್ತು. ಎದುರು ದಡದ ಸಿಸಿಲಿಯಲ್ಲಿ ಆನ್ನಾ ಜೋರ್ದಾನೊ ಎಂಬಾಕೆ 1981ರಲ್ಲಿ, ಇನ್ನೂ ಹದಿಹರೆಯದಲ್ಲಿ, ಈ ಬೇಟೆಯ ವಿರುದ್ಧ ಕಾವಲು ಆರಂಭಿಸಿದರು. ಅವರ ಕಾರಿಗೆ ಬೆಂಕಿ ಇಟ್ಟರೂ ಹಿಂಜರಿಯಲಿಲ್ಲ. 1998ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು, ಬೇಟೆ ಬಹಳಷ್ಟು ಇಳಿಯಿತು. ಮಾಲ್ಟಾದಲ್ಲಿ ಮಾತ್ರ 2015ರ ಜನಮತಗಣನೆಯಲ್ಲಿ ವಸಂತದ ಬೇಟೆಯ ಪರ ಶೇಕಡಾ 50ಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಮತ ಬಿದ್ದು, ಆ ಪದ್ಧತಿ ಉಳಿದುಕೊಂಡಿತು.

ಎರಡನೆಯದಕ್ಕೆ ಉತ್ತರ: ಹಾಗೆ ಕಾಣುವುದಿಲ್ಲ. ಗಿಡುಗಗಳು ಕಾರವಾರದಲ್ಲಿ ಗುಂಪುಗೂಡಬೇಕಾದರೆ ಕಣ್ಣಳತೆಯಲ್ಲಿ ಆಚೆ ದಡವಿರಬೇಕು. ಅಲ್ಲಿ ಎದುರಿಗಿರುವುದು ಅರಬ್ಬೀ ಸಮುದ್ರ. ಅದನ್ನೂ ದಾಟುವ ಬೇಟೆಹಕ್ಕಿಯೊಂದಿದೆ, ಪಾರಿವಾಳಕ್ಕಿಂತ ಚಿಕ್ಕದಾದ ಅಮುರ್ ಚಾಣ. ನವೆಂಬರ್, ಡಿಸೆಂಬರ್‌ಗಳಲ್ಲಿ ಭಾರತದ ಪಶ್ಚಿಮ ಕರಾವಳಿಯನ್ನು ಬಿಟ್ಟು ಸುಮಾರು 3,000 ಕಿ.ಮೀ. ನೀರನ್ನು ಎಲ್ಲೂ ಇಳಿಯದೆ ದಾಟಿ ಆಫ್ರಿಕಾ ಸೇರುತ್ತದೆ. ಅದು ಹೊರಡುವುದು ಈಶಾನ್ಯದ ಗಾಳಿ ಬೆನ್ನಿಗಿರುವಾಗ.