ಅಪ್ಪನ ಕುರ್ಚಿಯಲ್ಲಿ ಒಮ್ಮೆ ಕೂತು ನೋಡಿ

ಪ್ರಶ್ನೆ: ನನಗೆ 28 ವರ್ಷ. ಉಡುಪಿಯಲ್ಲಿ ಶಿಕ್ಷಕ. ಅಪ್ಪನಿಗೆ ಮುಂಬೈಯಲ್ಲಿ ಹೋಟೆಲ್. ಮೇ ತಿಂಗಳಲ್ಲಿ ಊರಿಗೆ ಬಂದಾಗ ನನ್ನನ್ನೂ ಕರೆದುಕೊಂಡು ಹೋಗಿ ಗಲ್ಲಾದಲ್ಲಿ ಕೂರಿಸುತ್ತಾರಂತೆ. ನನಗೆ ಇಷ್ಟವಿಲ್ಲ. ಅವರೆದುರು ಬಾಯಿ ಕಟ್ಟಿಹೋಗುತ್ತದೆ. ಆಪ್ತಸಮಾಲೋಚಕರು, "ಅಕ್ಕ ಅಪ್ಪನ ಪಾತ್ರ ಮಾಡಲಿ, ನೀವು ಮಾತಾಡಿ ನೋಡಿ" ಎಂದರು. ಹೆತ್ತ ಅಪ್ಪನ ಜೊತೆ ಮಾತಾಡಲೂ ನಾಟಕವೇ? ಮೋಸ ಅನಿಸುತ್ತಿದೆ.

ಉತ್ತರ: ಇದು ಮೋಸ ಅಲ್ಲ. ನೀವು ಸುಳ್ಳು ಹೇಳಲು ಹೊರಟಿಲ್ಲ. ಇಷ್ಟು ದಿನ ನುಂಗಿಕೊಂಡ ನಿಜವನ್ನು ಹೇಳಲು ನಾಲಿಗೆಗೆ ರೂಢಿ ಮಾಡಿಸುತ್ತಿದ್ದೀರಿ, ಅಷ್ಟೇ.

ನಮ್ಮೂರಿನ ತಾಳಮದ್ದಳೆ ನೋಡಿದ್ದೀರಲ್ವಾ? ಯಕ್ಷಗಾನದ್ದೇ ಕಥೆ, ಆದರೆ ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡುವುದಷ್ಟೇ. ಇವತ್ತು ಕರ್ಣನಾಗಿ ಮಾತಾಡಿದ ಅರ್ಥಧಾರಿ (ಪಾತ್ರದ ಮಾತು ಆಡುವವರು) ನಾಳೆ ಅರ್ಜುನ. ಪದ್ಯ ಪ್ರಸಂಗದ ಪುಸ್ತಕದಲ್ಲಿದೆ ನಿಜ, ಆದರೆ ಎದುರಿನವರು ಏನು ಕೇಳುತ್ತಾರೋ ಗೊತ್ತಿಲ್ಲ. ಕೂತಲ್ಲೇ ಉತ್ತರ ಹುಟ್ಟಬೇಕು. ಸಮಾಲೋಚಕರು ಹೇಳಿದ ಈ ಪಾತ್ರಾಭಿನಯ, ಅಂದರೆ ರೋಲ್ ಪ್ಲೇಯೂ ಹಾಗೆಯೇ. ಡೈಲಾಗ್ ಬರೆದು ಬಾಯಿಪಾಠ ಮಾಡಬೇಡಿ.

ಅಕ್ಕ ಮೆತ್ತಗಿನ ಅಪ್ಪ ಆಗುವುದು ಬೇಡ, ನಿಮ್ಮ ಅಪ್ಪನೇ ಆಗಲಿ. "ಈ ಹೋಟೆಲಿನ ದುಡ್ಡಲ್ಲೇ ಅಲ್ವಾ ನೀನು ಓದಿದ್ದು?" ಅಂತ ನಡುವೆ ಬಾಯಿ ಹಾಕಲಿ. ನೀವು ತಡವರಿಸುತ್ತೀರಿ. ತಡವರಿಸಿದ ಜಾಗದಿಂದಲೇ ಮತ್ತೆ ಶುರು ಮಾಡಿ. "ಹೌದಪ್ಪ, ಅದು ನನಗೆ ನೆನಪಿದೆ. ಆದರೆ ನನಗೆ ಪಾಠ ಮಾಡುವುದೇ ಇಷ್ಟ." ಇಷ್ಟು ಬಾಯಿಂದ ಬಂದರೆ ಸಾಕು.

ಆಮೇಲೆ ಜಾಗ ಬದಲಿಸಿ. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. 1920ರ ದಶಕದಲ್ಲಿ ವಿಯೆನ್ನಾದಲ್ಲಿ ಆಶುನಾಟಕ ಆಡಿಸುತ್ತಿದ್ದ ವೈದ್ಯ ಜೇಕಬ್ ಮೊರೆನೊ ಅದನ್ನೇ ಸೈಕೋಡ್ರಾಮಾ ಎಂಬ ಚಿಕಿತ್ಸೆಯಾಗಿ ಬೆಳೆಸಿದರು. ಪಾತ್ರ ಅದಲುಬದಲು ಮಾಡುವುದು ಅದರ ಮುಖ್ಯ ಉಪಾಯ. ಅಕ್ಕ ನೀವಾಗಲಿ, ನೀವು ಅಪ್ಪನಾಗಿ ಕೂತು "ನಾನು" ಅಂತಲೇ ಮಾತಾಡಿ. "ಇಷ್ಟು ವರ್ಷ ಕಟ್ಟಿದ್ದನ್ನು ನಾನು ಯಾರ ಕೈಗೆ ಕೊಡಲಿ?" ಎಂಬ ಮಾತು ನಿಮ್ಮ ಬಾಯಿಂದಲೇ ಬರಬಹುದು. ಸಿಟ್ಟಿಗಿಂತ ಹೆದರಿಕೆಯೇ ಜಾಸ್ತಿ ಅನಿಸಬಹುದು. ಆದರೂ ಅದು ನಿಮ್ಮ ಊಹೆ. ಅಪ್ಪನ ಮನಸ್ಸಿನಲ್ಲಿ ಏನಿದೆ ಅಂತ ಅವರನ್ನೇ ಕೇಳಬೇಕು.

ಮುಗಿದ ಮೇಲೆ ಕುರ್ಚಿಯಿಂದ ಎದ್ದು, ನಿಮ್ಮ ಹೆಸರು ಹೇಳಿಕೊಂಡು ಪಾತ್ರದಿಂದ ಹೊರಗೆ ಬನ್ನಿ. ಅಕ್ಕನೂ ಹಾಗೇ ಮಾಡಲಿ. ಅವರಿಗೂ ಅಪ್ಪನ ಬಗ್ಗೆ ಹಳೆಯ ನೋವಿದ್ದರೆ ಮನೆಯಲ್ಲಿ ಬೇಡ, ಸಮಾಲೋಚಕರ ಎದುರೇ ಮಾಡಿ.

ಅಪ್ಪ ಊರಿಗೆ ಬಂದ ದಿನವೇ ವಿಷಯ ತೆಗೆಯಬೇಡಿ. ನೆಂಟರ ಓಡಾಟ ಮುಗಿಯಲಿ. ಹಾಗಂತ ಅವರು ಹೊರಡುವ ಹಿಂದಿನ ರಾತ್ರಿಯವರೆಗೂ ತಳ್ಳಬೇಡಿ. ಯೋಚನೆ ಮಾಡಲು ಅವರಿಗೂ ಎರಡು ದಿನ ಬೇಕಲ್ವಾ?