ಬೆಲ್ ಹೊಡೆದ್ಮೇಲೆ ಲೈಟ್ ಆರೋ ಹೊತ್ತು: ಹಳೇ ಥಿಯೇಟರ್ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೇಲಿ ಬೆಂಗಳೂರಿನ ಹಳೇ ಥಿಯೇಟರ್‌ಗಳ ಬಗ್ಗೆ ನಾಲ್ಕು ಸಾಲು ಬರೆದು ನಿಮ್ಮ ನೆನಪು ಕಳ್ಸಿ ಅಂತ ಕೇಳಿದ್ದೆ. ಪತ್ರಗಳು ಬಂದ್ವು ನೋಡಿ, ಎರಡು ದಿನ ಬೇರೆ ಕೆಲಸಾನೇ ಮಾಡಕ್ಕಾಗ್ಲಿಲ್ಲ. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ, ಆರು ಪ್ರಶ್ನೆ ಆರಿಸ್ಕೊಂಡಿದೀನಿ.

ಪ್ರಶ್ನೆ: ನಮ್ಮಜ್ಜಿ ಕಂಟೋನ್ಮೆಂಟಲ್ಲಿ ಬೆಳೆದವರು. ಬ್ರಿಗೇಡ್ ರೋಡಿನ ಒಪೆರಾ ಹೌಸಲ್ಲಿ ಮೊದಲು ಹಾಡು, ಡ್ರಾಮಾ ನಡೀತಿತ್ತು, ಸಿನಿಮಾ ಬಂದಿದ್ದು ಆಮೇಲೆ ಅಂತಾರೆ. ನಾನು ಹೆಸರಿಗೆ ಮಾತ್ರ ಒಪೆರಾ ಅಂದ್ಕೊಂಡಿದ್ದೆ. ನಿಜಾನಾ? (ಓದುಗರು, ಫ್ರೇಜರ್ ಟೌನ್)

ಉತ್ತರ: ನಿಮ್ಮಜ್ಜಿ ಹೇಳಿದ್ದು ಸರಿ ಮೇಡಂ. ಬ್ರಿಗೇಡ್ ರೋಡು ರೆಸಿಡೆನ್ಸಿ ರೋಡು ಸೇರೋ ಮೂಲೇಲಿರೋ ಆ ಕಟ್ಟಡದಲ್ಲಿ ಬ್ರಿಟಿಷರ ಕಾಲದಲ್ಲಿ ಒಪೆರಾ, ನಾಟಕ ಎಲ್ಲ ಆಗ್ತಿತ್ತು, ಆಮೇಲೆ ಸಿನಿಮಾ ಥಿಯೇಟರ್ ಆಯ್ತು, ಆಮೇಲೆ ವರ್ಷಗಟ್ಲೆ ಬಾಗಿಲು ಹಾಕ್ಕೊಂಡು ಬಿದ್ದಿತ್ತು, 2018ರಲ್ಲಿ ರಿಪೇರಿ ಮಾಡಿ ಸ್ಯಾಮ್ಸಂಗ್‌ನೋರ ಶೋರೂಮ್ ಮಾಡಿದ್ರು. ಗೋಡೆ ಉಳೀತಲ್ಲ ಅಂತ ನಂಗೆ ಖುಷಿನೇ. ಶಿವಾಜಿನಗರದ ಎಲ್ಜಿನ್ ಟಾಕೀಸಿಗೆ ಆ ಅದೃಷ್ಟಾನೂ ಇರ್ಲಿಲ್ಲ. ಅದು 1896ರದ್ದು, ಆಗಿನ ವೈಸ್‌ರಾಯ್ ಎಲ್ಜಿನ್ ಹೆಸರು ಇಟ್ಕೊಂಡಿತ್ತು. ಅದೂ ನಾಟಕಕ್ಕೆ ಅಂತ ಶುರುವಾಗಿ ಮೂಕಿ ಚಿತ್ರಕ್ಕೆ ಬಂದು ಆಮೇಲೆ ಟಾಕಿ ಆದ ಜಾಗ.

ಇದ್ರಲ್ಲಿ ಇನ್ನೊಂದು ವಿಷ್ಯ ಇದೆ. ಮೂಕಿ ಕಾಲದಲ್ಲಿ ಸಿನಿಮಾ ಬೇರೆ, ಸಂಗೀತ ಕಚೇರಿ ಬೇರೆ ಅಂತ ಇರ್ಲೇ ಇಲ್ಲ. ಪರದೆ ಪಕ್ಕದಲ್ಲೇ ಹಾರ್ಮೋನಿಯಂನೋರು ತಬಲಾದೋರು ಕೂತು, ಚಿತ್ರದಲ್ಲಿ ಕುದುರೆ ಓಡಿದ್ರೆ ತಬಲಾ ಓಡ್ಸೋರು, ಯಾರಾದ್ರೂ ಸತ್ರೆ ಹಾರ್ಮೋನಿಯಂ ಅಳೋದು. ಪರದೆ ಮೇಲೆ ಬರೋ ಅಕ್ಷರ ಓದಕ್ಕೆ ಬರ್ದೇ ಇರೋ ಜನಕ್ಕೆ ಒಬ್ರು ಜೋರಾಗಿ ಓದಿ ಹೇಳೋರು. ಟಾಕಿ ಬಂತು, ಪರದೇನೇ ಮಾತಾಡ್ತು, ಇವರ ಕೆಲಸ ಹೋಯ್ತು. ನಮ್ಮ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ 1934ರ ಮಾರ್ಚ್ 3ಕ್ಕೆ ಸಿಟಿ ಮಾರ್ಕೆಟ್ ಹತ್ರದ ಪ್ಯಾರಾಮೌಂಟ್‌ನಲ್ಲಿ ಬಿಡುಗಡೆ ಆಯ್ತು ಅನ್ನೋದು ಎಲ್ರಿಗೂ ಗೊತ್ತು, ಅವತ್ತಿಂದ ಮನೇಲಿ ಕೂತ ಹಾರ್ಮೋನಿಯಂನೋರ ಹೆಸರು ಯಾವ ಪುಸ್ತಕದಲ್ಲೂ ನಂಗೆ ಸಿಕ್ಕಿಲ್ಲ. ನಿಮ್ಮಜ್ಜಿ ಹತ್ರ ಕೂತು ಅಂಥೋರು ಯಾರಾದ್ರೂ ನೆನಪಿದಾರಾ ಅಂತ ದಯವಿಟ್ಟು ಕೇಳಿ.

ಪ್ರಶ್ನೆ: ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿದ್ದು ಸ್ಟೇಟ್ಸ್ ಥಿಯೇಟರಲ್ಲಿ ಅಂತಾರೆ. ಕೆ.ಜಿ. ರೋಡಲ್ಲಿ ಸ್ಟೇಟ್ಸ್ ಅನ್ನೋದು ನಾನು ನೋಡೇ ಇಲ್ವಲ್ಲ? (ಓದುಗರು, ತುಮಕೂರು)

ಉತ್ತರ: ನೋಡಿರ್ತೀರ ಸರ್, ಹೆಸರು ಬದಲಾಗಿದೆ ಅಷ್ಟೆ. ಸ್ಟೇಟ್ಸ್ ಅಂದ್ರೆ ಆಮೇಲಿನ ಭೂಮಿಕಾ. ಸಿನಿಮಾ ಬಂದಿದ್ದು 1972ರಲ್ಲಿ. ಎರಡು ವರ್ಷ ಒಂದೇ ಪರದೆ ಮೇಲೆ ಅಂದ್ರೆ ಏನು ಅಂತ ಸ್ವಲ್ಪ ಯೋಚ್ನೆ ಮಾಡಿ. ಊರಿಂದ ಬಸ್ಸಲ್ಲಿ ಬಂದೋರು ಮೆಜೆಸ್ಟಿಕಲ್ಲಿ ಇಳಿದು, ಕೋರ್ಟ್ ಕೆಲಸಾನೋ ಆಸ್ಪತ್ರೆ ಕೆಲಸಾನೋ ಮುಗಿಸ್ಕೊಂಡು, ಮ್ಯಾಟ್ನಿ ನೋಡಿ, ರಾತ್ರಿ ಬಸ್ ಹಿಡಿಯೋರು. ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಥಿಯೇಟರ್ ಸಾಲು ಎಲ್ಲ ಕಾಲ್ನಡಿಗೆ ದೂರದಲ್ಲಿದ್ದಿದ್ರಿಂದ ಕೆ.ಜಿ. ರೋಡು ಬೆಂಗಳೂರಿಗೆ ಮಾತ್ರ ಸೇರಿದ್ದಲ್ಲ, ಇಡೀ ಹಳೇ ಮೈಸೂರು ಸೀಮೆಗೆ ಸೇರಿದ್ದು. ಆ ಏರಿಯಾಗೆ ಮೆಜೆಸ್ಟಿಕ್ ಅನ್ನೋ ಹೆಸರು ಕೊಟ್ಟಿದ್ದೂ ಒಂದು ಥಿಯೇಟರೇ. ಥಿಯೇಟರ್ ಹೋಗಿ ಎಷ್ಟೋ ಕಾಲ ಆಯ್ತು, ಕಂಡಕ್ಟರ್ ಇವತ್ತಿಗೂ ‘ಮೆಜೆಸ್ಟಿಕ್ ಮೆಜೆಸ್ಟಿಕ್’ ಅಂತಾನೇ ಕೂಗ್ತಾನೆ.

ಪ್ರಶ್ನೆ: ಚಿಕ್ಕವನಿದ್ದಾಗ ಸಿನಿಮಾ ನೋಡ್ತಾ ಬಲಗಡೆ ಮೇಲಿನ ಮೂಲೇಲಿ ಒಂದು ದುಂಡನೆ ಚುಕ್ಕೆ ಫಟ್ ಅಂತ ಬಂದು ಹೋಗ್ತಿತ್ತು. ನನ್ನ ಮಗಳಿಗೆ ಹೇಳಿದ್ರೆ ನಂಬಲ್ಲ. ಏನದು? (ಓದುಗರು, ದಾವಣಗೆರೆ)

ಉತ್ತರ: ಮಗಳನ್ನ ಕರೆದು ಕೂರಿಸ್ಕೊಳ್ಳಿ, ಇದು ಉದ್ದ ಇದೆ. ನಮ್ಮ ಸೋದರಮಾವ ಮೆಜೆಸ್ಟಿಕ್ ಕಡೆಯ ಒಂದು ಥಿಯೇಟರಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ರು. ಬೇಸಿಗೆ ರಜಕ್ಕೆ ಅವರ ಮನೆಗೆ ಹೋದಾಗ ಎರಡು ಮೂರು ಸಲ ಕ್ಯಾಬಿನ್‌ಗೆ ಕರ್ಕೊಂಡು ಹೋಗಿದ್ರು, ಅದಕ್ಕೆ ಕಣ್ಣಾರೆ ಕಂಡಿದ್ದನ್ನೇ ಹೇಳ್ತೀನಿ.

ಆ ಕ್ಯಾಬಿನಲ್ಲಿ ಎರಡು ಪ್ರೊಜೆಕ್ಟರ್ ಅಕ್ಕಪಕ್ಕ ನಿಂತಿರ್ತಿದ್ವು. ಒಂದು ರೀಲು ಅಂದ್ರೆ ಸಾವಿರ ಅಡಿ ಫಿಲ್ಮು, ಹನ್ನೊಂದು ನಿಮಿಷ ಓಡತ್ತೆ, ಎರಡು ರೀಲು ಅಂಟಿಸಿದ್ರೂ ಇಪ್ಪತ್ತು ಚಿಲ್ರೆ ನಿಮಿಷ, ಅಷ್ಟೆ. ಒಂದು ಮಷೀನಲ್ಲಿ ಮುಗಿಯೋದ್ರೊಳಗೆ ಇನ್ನೊಂದ್ರಲ್ಲಿ ಮುಂದಿನದು ರೆಡಿ ಇರ್ಬೇಕು. ಆ ಚುಕ್ಕೆ ಇದ್ದಿದ್ದು ಇದಕ್ಕೇನೇ. ಮೊದಲ್ನೇ ಚುಕ್ಕೆ ಬಂದ್ರೆ ಎರಡನೇ ಮಷೀನಿನ ಮೋಟರ್ ಆನ್, ಸುಮಾರು ಏಳು ಸೆಕೆಂಡ್ ಆದ್ಮೇಲೆ ಎರಡನೇ ಚುಕ್ಕೆ, ಆಗ ಇದನ್ನ ಮುಚ್ಚಿ ಅದನ್ನ ತೆರೆಯೋದು. ಮಾವ ಸರಿಯಾಗಿ ಮಾಡಿದ್ರೆ ಕೆಳಗೆ ಕೂತ ಸಾವಿರ ಜನದಲ್ಲಿ ಒಬ್ರಿಗೂ ಗೊತ್ತಾಗ್ತಿರ್ಲಿಲ್ಲ, ಒಂದು ಸೆಕೆಂಡ್ ತಪ್ಪಿದ್ರೆ ಪರದೆ ಮುಂದಿನ ಕಮ್ಮಿ ರೇಟಿನ ಗಾಂಧಿ ಕ್ಲಾಸಿಂದ ಶಿಳ್ಳೆ ಶುರು.

ಬೆಳಕಂತೂ ಬೇರೇನೇ ಕಥೆ. ಈಗಿನ ಥರ ಬಲ್ಬಲ್ಲ, ಎರಡು ಕಾರ್ಬನ್ ಕಡ್ಡಿ. ಮೇಲೆ ತಾಮ್ರದ ತೆಳು ಲೇಪ ಇರೋ ಪೆನ್ಸಿಲ್ ಗಾತ್ರದ ಕಡ್ಡಿ, ಎರಡರ ತುದಿ ಮುಟ್ಟಿಸಿ ಸ್ವಲ್ಪ ದೂರ ಮಾಡಿದ್ರೆ ಮಧ್ಯದಲ್ಲಿ ಬೆಂಕಿ ಥರ ಕರೆಂಟ್ ಉರೀತಿತ್ತು, ಬರಿಗಣ್ಣಲ್ಲಿ ನೋಡಕ್ಕಾಗಲ್ಲ, ವೆಲ್ಡಿಂಗ್ ಮಾಡೋರ ಥರ ಕಪ್ಪು ಗಾಜಲ್ಲೇ ನೋಡ್ಬೇಕು. ಕಡ್ಡಿ ಉರ್ಕೊಂಡು ಸಣ್ಣದಾಗ್ತಿದ್ದ ಹಾಗೆ ಮಧ್ಯದ ಸಂದು ದೊಡ್ಡದಾಗತ್ತೆ, ಪರದೆ ಮಂಕಾಗತ್ತೆ, ಅದಕ್ಕೆ ಆಗಾಗ ತಿರುಪು ತಿರುಗಿಸಿ ಹತ್ರ ತರ್ತಾ ಇರ್ಬೇಕು. ಮಾವ ಮೂರು ಗಂಟೆ ಶೋನಲ್ಲಿ ಕೂತಿದ್ದೇ ನಾನು ನೋಡಿಲ್ಲ. ಒಳಗಡೆ ಸೆಕೆ ಎಷ್ಟು ಅಂದ್ರೆ ಬನಿಯನ್ ಮೈಗೆ ಅಂಟ್ಕೊಂಡಿರೋದು, ಬಾಗಿಲ ಹತ್ರ ಕೆಂಪು ಬಣ್ಣದ ಮರಳಿನ ಬಕೆಟ್ ಸಾಲು. ಮೊದಲೆಲ್ಲ ಫಿಲ್ಮೇ ಬೆಂಕಿ ಹಿಡಿಯೋ ಅಂಥದ್ದು, ಆ ಭಯಕ್ಕೆ ಇಟ್ಟಿದ್ದ ಬಕೆಟ್ಟು ಆಮೇಲೂ ಹಾಗೇ ಉಳೀತು. ಅವರು ಸಾವಿರಾರು ಸಲ ಸಿನಿಮಾ ಓಡಿಸಿದಾರೆ, ಆದ್ರೆ ಒಂದನ್ನೂ ಪೂರ್ತಿ ನೋಡಿಲ್ಲ. ಕಣ್ಣು ಯಾವಾಗ್ಲೂ ಆ ಮೂಲೆ ಮೇಲೇ ಇರ್ತಿತ್ತು.

ಉರಿದು ಉಳಿದ ಮೋಟು ಕಡ್ಡಿ ನಮ್ಗೆ ಕೊಡೋರು, ಅಂಗಳದಲ್ಲಿ ಕುಂಟೆಬಿಲ್ಲೆ ಮನೆ ಬರೆಯಕ್ಕೆ. ಒಂದು ಈಗ್ಲೂ ನನ್ನ ಮೇಜಿನ ಡ್ರಾಯರಲ್ಲಿದೆ.

ಪ್ರಶ್ನೆ: ಕಪಾಲಿಲಿ ಎಷ್ಟು ಸೀಟಿತ್ತು? ನಾನೂ ನಮ್ಮ ಭಾವನೂ ಬೆಟ್ ಕಟ್ಟಿದೀವಿ. ಅಷ್ಟು ದೊಡ್ಡ ಥಿಯೇಟರ್ ಯಾಕೆ ಮುಚ್ಚಿದ್ರು? (ಓದುಗರು, ರಾಜಾಜಿನಗರ)

ಉತ್ತರ: 1,400ಕ್ಕಿಂತ ಜಾಸ್ತಿ. 1968ರಲ್ಲಿ ಮೊರಾರ್ಜಿ ದೇಸಾಯಿ ಉದ್ಘಾಟನೆ ಮಾಡಿದ್ರು, ಸಿನೆರಾಮಾ ಅಂತ ಬಾಗಿದ ಅಗಲ ಪರದೆ ಇದ್ದ ಥಿಯೇಟರ್ ಅದು, 2017ರಲ್ಲಿ ಕೊನೇ ಶೋ. ಮುಂದಿನ ಸಾಲಲ್ಲಿ ಕೂತ್ರೆ ಈ ತುದಿಯಿಂದ ಆ ತುದಿಗೆ ಕತ್ತು ತಿರುಗಿಸ್ಬೇಕಾಗ್ತಿತ್ತು.

ಯಾಕೆ ಮುಚ್ಚಿದ್ರು ಅಂದ್ರೆ, ಮೊಬೈಲು ಒಟಿಟಿ ಅಂತ ಎಲ್ರೂ ಹೇಳ್ತಾರೆ, ನಂಗೆ ಅದು ಅರ್ಧ ಉತ್ತರ ಅನ್ಸತ್ತೆ. ಒಟಿಟಿ ಜೋರಾಗೋಕೆ ಮುಂಚೇನೇ ಎಷ್ಟೋ ಥಿಯೇಟರ್ ಹೋಗಿದ್ವು. ಸಾವಿರ ಸೀಟು ದಿನಕ್ಕೆ ನಾಲ್ಕು ಸಲ ತುಂಬ್ಬೇಕು, ತುಂಬ್ದೇ ಇದ್ರೂ ಕರೆಂಟ್ ಬಿಲ್ಲು ಸಂಬಳ ಅಷ್ಟೇ. ಊರ ಮಧ್ಯದ ಜಾಗಕ್ಕೆ ಚಿನ್ನದ ಬೆಲೆ ಬಂತು. ಅದೇ ಜಾಗದಲ್ಲಿ ಕಾಂಪ್ಲೆಕ್ಸ್ ಕಟ್ಟಿದ್ರೆ ಬಾಡಿಗೆ ತಿಂಗಳು ತಿಂಗಳು ಬರತ್ತೆ. ಎಂ.ಜಿ. ರೋಡಿನ ಪ್ಲಾಜಾ ಮೆಟ್ರೋಗೆ ಹೋಯ್ತು, ಬ್ರಿಗೇಡ್ ರೋಡಿನ ರೆಕ್ಸ್ 2018ರ ಡಿಸೆಂಬರ್ 31ಕ್ಕೆ ಕೊನೇ ಶೋ ಹಾಕ್ತು. ಮಾಲೀಕರ ಮೇಲೆ ನಂಗೆ ಸಿಟ್ಟಿಲ್ಲ, ದುಃಖ ಇದೆ.

ಪ್ರಶ್ನೆ: ನಾವು ಸಂಗೀತದೋರು. ನಿಮ್ಮ ಅಂಕಣ ಪೂರ್ತಿ ಸಿನಿಮಾನೇ ಆಯ್ತು. ಕಚೇರಿ ಕೇಳಿದ ನೆನಪು ನಿಮ್ಗಿಲ್ವಾ? (ಓದುಗರು, ಚಾಮರಾಜಪೇಟೆ)

ಉತ್ತರ: ಇದೆಯಮ್ಮಾ, ಬೇಕಾದಷ್ಟಿದೆ. ನಮ್ತಂದೆ ಸಿನಿಮಾಗೆ ಕಾಸು ಕೊಡೋರಲ್ಲ, ಕಚೇರಿಗೆ ಮಾತ್ರ ಕೈ ಹಿಡ್ಕೊಂಡು ಕರ್ಕೊಂಡು ಹೋಗೋರು. ಜೆ.ಸಿ. ರೋಡಿನ ಪುಟ್ಟಣ್ಣಚೆಟ್ಟಿ ಟೌನ್ ಹಾಲ್, 1935ರ ಕಟ್ಟಡ, ಆ ದಪ್ಪ ಕಂಬ, ಉದ್ದಕ್ಕೂ ಮೆಟ್ಟಿಲು. ಅಲ್ಲಿ ಒಂದು ಸಂಜೆ ಪಿಟೀಲು ಕಚೇರಿ. ಮೇ ತಿಂಗಳಿರ್ಬೇಕು, ಫ್ಯಾನ್‌ಗಳು ಗರಗರ ಅಂತಿದ್ವು, ಆಲಾಪನೆ ಶುರು ಮಾಡಿದ ವಿದ್ವಾಂಸರು ಬಿಲ್ಲು ಎತ್ತಿ ಒಂದ್ಸಲ ಮೇಲೆ ನೋಡಿದ್ರು. ಮಾತಾಡ್ಲಿಲ್ಲ. ಯಾರೋ ಎದ್ದು ಹೋಗಿ ಒಂದೊಂದೇ ಫ್ಯಾನ್ ಆಫ್ ಮಾಡ್ತಾ ಬಂದ್ರು, ಕೊನೇದೂ ನಿಂತ್ಮೇಲೆ ಹಾಲಲ್ಲಿ ಆ ತಂತಿಯ ದನಿ ಬಿಟ್ರೆ ಇನ್ನೇನಿಲ್ಲ. ಮುಂದಿನ ಮುಕ್ಕಾಲು ಗಂಟೆ ಎಲ್ರೂ ಬೆವರ್ತಾ ಕೂತಿದ್ರು, ಯಾರೂ ಫ್ಯಾನ್ ಹಾಕಿ ಅನ್ಲಿಲ್ಲ, ನಮ್ತಂದೆ ಕರ್ಚೀಫಲ್ಲಿ ನನ್ನ ಕತ್ತು ಒರೆಸ್ತಾ ಇನ್ನೊಂದು ಕೈಯಲ್ಲಿ ತೊಡೆ ಮೇಲೆ ತಾಳ ಹಾಕ್ತಿದ್ರು. ಅದು ಯಾವ ರಾಗ ಅಂತ ನಂಗೆ ಆಗ ಗೊತ್ತಿರ್ಲಿಲ್ಲ, ಆಮೇಲೆ ಕೇಳೋಕೆ ಅವರು ಇರ್ಲಿಲ್ಲ.

ನಿಮ್ಮ ಚಾಮರಾಜಪೇಟೇಲಂತೂ ಫೋರ್ಟ್ ಹೈಸ್ಕೂಲ್ ಮೈದಾನದ ರಾಮನವಮಿ, 1939ರಿಂದ ಶ್ರೀರಾಮಸೇವಾ ಮಂಡಳಿ ನಡೆಸ್ಕೊಂಡು ಬಂದಿದ್ದು. ಟಿಕೆಟ್ ತಗೊಳಕ್ಕಾಗದೇ ಇದ್ದೋರು ಹೊರಗಡೆ ರಸ್ತೇಲೇ ಕೂತು ಕೇಳೋರು. ನಾವೂ ಎಷ್ಟೋ ಸಲ ಹಾಗೇ ಕೇಳಿದ್ದು. ಮೃದಂಗದೋರು ಒಬ್ರೇ ನುಡಿಸೋ ತನಿ ಆವರ್ತನ ಮುಗಿದಾಗ ಚಪ್ಪಾಳೆ ಒಳಗಿಂದ ಶುರುವಾಗಿ ಕಾಂಪೌಂಡ್ ದಾಟಿ ರಸ್ತೆಗೆ ಬರೋದು ನಂಗಿನ್ನೂ ಕಿವೀಲಿದೆ.

ಪ್ರಶ್ನೆ: ಅಣ್ಣಾ, ನಮ್ಮಪ್ಪ ಒಂದು ಥಿಯೇಟರಲ್ಲಿ ಮೂವತ್ತು ವರ್ಷ ಗೇಟ್‌ಕೀಪರ್ ಆಗಿದ್ರು. ಈಗ ಮರೆವಿನ ಕಾಯಿಲೆ, ನಮ್ಮ ಹೆಸರೂ ಒಂದೊಂದ್ಸಲ ಬರಲ್ಲ. ಆದ್ರೆ ಸಂಜೆ ಆರು ಗಂಟೆ ಆಗ್ತಿದ್ದ ಹಾಗೆ ‘ಬೆಲ್ ಹೊಡೀಬೇಕು’ ಅಂತ ಎದ್ದು ನಿಂತ್ಬಿಡ್ತಾರೆ. ಥಿಯೇಟರ್ ಇಲ್ಲಪ್ಪ, ಒಡೆದು ಹಾಕಿದಾರೆ ಅಂದ್ರೆ ಅಳ್ತಾರೆ. ಏನ್ ಮಾಡ್ಲಿ? (ಓದುಗರು, ಯಶವಂತಪುರ)

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ ತಮ್ಮಾ. ಔಷಧಿ ವಿಷ್ಯ ಡಾಕ್ಟರು ನೋಡ್ಕೊಳ್ಳಲಿ, ನನ್ನದು ಒಂದೇ ಮಾತು, ಒಡೆದು ಹಾಕಿದಾರೆ ಅಂತ ದಿನಾ ಹೇಳ್ಬೇಡಿ. ಅವರಿಗೆ ಅದು ದಿನಾ ಹೊಸ ಸುದ್ದಿ.

ಅದರ ಬದಲು ಚಿಕ್ಕಚಿಕ್ಕದು ಕೇಳಿ. ಸಿನಿಮಾ ಹೆಸರು, ಇಸವಿ ಬೇಡ, ಅದು ಕಷ್ಟ ಆಗತ್ತೆ. ಟಾರ್ಚಿಗೆ ಸೆಲ್ ಯಾರು ತಂದ್ಕೊಡ್ತಿದ್ರು, ಟಿಕೆಟ್ ಹರಿದು ಯಾವ ಅರ್ಧ ಇಟ್ಕೊಳ್ತಿದ್ರಿ, ಯಾವ ಸಾಲಲ್ಲಿ ಮುರಿದ ಸೀಟಿತ್ತು, ಲೇಟಾಗಿ ಬಂದೋರನ್ನ ಕತ್ತಲಲ್ಲಿ ಹೆಂಗೆ ಕೂರಿಸ್ತಿದ್ರಿ. ಕೈಗೆ ಒಂದು ಹಳೇ ಟಾರ್ಚ್ ಕೊಟ್ಟು ನೋಡಿ. ನಮ್ಮ ಮಾವನೂ ಕೊನೆಕೊನೆಗೆ ಜಾಸ್ತಿ ಮಾತಾಡ್ತಿರ್ಲಿಲ್ಲ, ಆ ಮೋಟು ಕಾರ್ಬನ್ ಕಡ್ಡಿ ಕೈಗಿಟ್ರೆ ಬೆರಳು ತಾನೇ ತಿರುಪು ತಿರುಗಿಸೋ ಥರ ಆಡೋದು. ಅವರು ಏನು ಹೇಳಿದ್ರೂ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಮಧ್ಯದಲ್ಲಿ ತಿದ್ದಕ್ಕೆ ಹೋಗ್ಬೇಡಿ. ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ, ನಮ್ಮ ಮೊದಲ ಮಾತಿನ ಚಿತ್ರದ ದನಿ ನಾವ್ಯಾರೂ ಕೇಳೋ ಹಾಗಿಲ್ಲ. ನಿಮ್ಮಪ್ಪನ ದನಿ ಇನ್ನೂ ಇದೆ.

ಇವತ್ತು ಸಂಜೆ ಅವರು ಬೆಲ್ ಹೊಡೀಬೇಕು ಅಂತ ಎದ್ದಾಗ ನೀವೂ ಎದ್ದು ಪಕ್ಕದಲ್ಲಿ ನಿಂತ್ಕೊಂಡು ‘ಹೂಂ ಅಪ್ಪ, ಜನ ಎಲ್ಲ ಒಳಗೆ ಬಂದ್ರಾ?’ ಅಂತ ಕೇಳಿ. ಅವರು ಏನಂದ್ರು ಅಂತ ನಂಗೆ ಬರೀರಿ.