ಫ್ಲ್ಯಾಟ್ ಕರಾರಿನ ‘ಸಿಸಿ’ಯೂ ಬ್ಯಾಂಕ್ ಸಾಲಪತ್ರದ ‘ಸಿಸಿ’ಯೂ ಒಂದೆಯೇ?

ಮಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟಿರುವ ತಾವು, ಬಿಲ್ಡರ್ ಕೊಟ್ಟ ಕರಡಿನಲ್ಲಿ ‘ಸಿಸಿ ದೊರೆತ 30 ದಿನಗಳೊಳಗೆ ಬಾಕಿ ಮೊತ್ತದ ಅರ್ಧವನ್ನು ಪಾವತಿಸತಕ್ಕದ್ದು’ ಎಂದಿರುವುದನ್ನು ಉಲ್ಲೇಖಿಸಿ, ತಮ್ಮ ಅಣ್ಣನವರ ಅಂಗಡಿಯ ಸಾಲಪತ್ರದಲ್ಲಿರುವ ‘ಸಿಸಿ’ಯೂ ಇದೇ ಆಗಿದೆಯೇ ಎಂದು ಕೇಳಿದ್ದೀರಿ. ಅಲ್ಲ. ಸಾಲಪತ್ರದಲ್ಲಿರುವುದು ಕ್ಯಾಶ್ ಕ್ರೆಡಿಟ್, ಅಂದರೆ ಅಂಗಡಿಯ ದಾಸ್ತಾನನ್ನು ಭದ್ರತೆಯಾಗಿಟ್ಟುಕೊಂಡು ಬ್ಯಾಂಕು ಗೊತ್ತುಪಡಿಸಿದ ಮಿತಿಯೊಳಗೆ ಬೇಕಾದಾಗ ತೆಗೆದು, ಮತ್ತೆ ಕಟ್ಟಬಹುದಾದ ಸಾಲ.

ಉಡುಪಿಯಲ್ಲಿ ಕರಾರುಪತ್ರಗಳನ್ನು ಪರಿಶೀಲಿಸುವುದೇ ನನ್ನ ಕೆಲಸವಾಗಿರುವುದರಿಂದ ಹೇಳುತ್ತೇನೆ, ತಾವು ಚಿಂತಿಸಬೇಕಾದದ್ದು ಬ್ಯಾಂಕಿನ ಸಿಸಿಯ ಬಗ್ಗೆ ಅಲ್ಲ. ಕಟ್ಟಡದ ವ್ಯವಹಾರದೊಳಗೇ ಸಿಸಿಗೆ ಎರಡು ಅರ್ಥಗಳಿವೆ. ಕಾಮಗಾರಿ ಆರಂಭಿಸಲು ಅನುಮತಿ ನೀಡುವ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ ಒಂದು. ಮಂಜೂರಾದ ನಕ್ಷೆಯಂತೆ ಕಟ್ಟಡ ಪೂರ್ಣಗೊಂಡಿದೆ ಎಂದು ದೃಢೀಕರಿಸುವ ಕಂಪ್ಲೀಷನ್ ಸರ್ಟಿಫಿಕೇಟ್ ಇನ್ನೊಂದು. 2016ರ ರೇರಾ ಕಾಯ್ದೆಯ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ, 2ನೇ ಕಲಂ ಮೊದಲನೆಯದನ್ನು (ಎಂ) ಖಂಡದಲ್ಲೂ ಎರಡನೆಯದನ್ನು (ಕ್ಯೂ) ಖಂಡದಲ್ಲೂ ಬೇರೆಬೇರೆಯಾಗಿ ವ್ಯಾಖ್ಯಾನಿಸಿದೆ. ತಮ್ಮ ಕರಡಿನ ಸಿಸಿ ಮೊದಲನೆಯದಾದರೆ, ಪಾಯ ತೋಡುವ ಮೊದಲೇ ತಾವು ಅಷ್ಟು ದೊಡ್ಡ ಮೊತ್ತ ಕಟ್ಟಬೇಕಾಗುತ್ತದೆ. ಎರಡನೆಯದಾದರೆ ಕಟ್ಟಡ ಎದ್ದು ನಿಂತ ಮೇಲೆ ಕಟ್ಟಿದರೆ ಸಾಕು. ಇಷ್ಟು ಅಂತರವನ್ನು ಎರಡಕ್ಷರದ ಊಹೆಗೆ ಬಿಡುವುದು ಖಂಡಿತ ಸರಿಯಲ್ಲ. (ವಾಸಕ್ಕೆ ಅನುಮತಿ ನೀಡುವ ಓಸಿ, ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್, ಇವೆರಡರಿಂದಲೂ ಬೇರೆ.)

ಕೊಲ್ಲಿ ದೇಶಗಳಲ್ಲಿ ದುಡಿಯುವವರಿರುವ ನಮ್ಮ ಕರಾವಳಿಯ ಮನೆಗಳಲ್ಲಿ ‘ಎಸ್‌ಪಿಎ’ಯೂ ಹೀಗೆಯೇ ಗೊಂದಲ ತರುತ್ತದೆ. ಊರಿನ ಜಾಗದ ದಸ್ತಾವೇಜಿನಲ್ಲಿ ಅದು ನಿರ್ದಿಷ್ಟ ಕೆಲಸಕ್ಕಷ್ಟೇ ಕೊಡುವ ಸ್ಪೆಷಲ್ ಪವರ್ ಆಫ್ ಅಟಾರ್ನಿ. ದುಬೈಯ ಫ್ಲ್ಯಾಟಿನ ಕಾಗದದಲ್ಲಿ ಸೇಲ್ ಆಂಡ್ ಪರ್ಚೇಸ್ ಅಗ್ರಿಮೆಂಟ್. ಕಂಪನಿಯ ಷೇರು ಕೈಬದಲಾಗುವಾಗ ಷೇರ್ ಪರ್ಚೇಸ್ ಅಗ್ರಿಮೆಂಟ್.

ಕರಾರಿನಲ್ಲಿ ಅರ್ಥ ಬರೆದಿಲ್ಲದಿದ್ದರೆ ಕಾನೂನು ಕೈಬಿಡುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 98ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 101ನೇ ಕಲಂ, ಸಂಕ್ಷಿಪ್ತ ರೂಪಗಳ ಅರ್ಥವನ್ನು ತೋರಿಸಲು ಸಾಕ್ಷ್ಯ ನೀಡಬಹುದೆನ್ನುತ್ತದೆ. ಅಲ್ಲಿನ ದೃಷ್ಟಾಂತದಲ್ಲಿ ಶಿಲ್ಪಿಯೊಬ್ಬ ತನ್ನ ‘ಎಲ್ಲ ಮಾಡ್ಸ್’ ಮಾರಲು ಒಪ್ಪುತ್ತಾನೆ. ಅವನಲ್ಲಿ ಮಾಡೆಲ್‌ಗಳೂ ಇವೆ, ಮಾಡೆಲಿಂಗ್ ಉಪಕರಣಗಳೂ ಇವೆ. ಯಾವುದನ್ನು ಮಾರಲು ಹೊರಟಿದ್ದನೆಂಬುದನ್ನು ಸಾಕ್ಷ್ಯದಿಂದ ತೋರಿಸಬಹುದು. ಆದರೆ ಇದು ವ್ಯಾಜ್ಯ ಹೂಡಿದ ಮೇಲಿನ ಮಾತು, ಅಷ್ಟರಲ್ಲಿ ಕಟ್ಟಿದ ಹಣ ಬಿಲ್ಡರ್ ಬಳಿ ಇರುತ್ತದೆ.

ಆದ್ದರಿಂದ ಮೊದಲು ಕರಡಿನ ವ್ಯಾಖ್ಯಾನಗಳ ಭಾಗವನ್ನು ನೋಡಿ. ಅಲ್ಲಿ ಸಿಸಿಯ ಅರ್ಥವಿದ್ದರೆ ಆ ಕರಾರಿನ ಮಟ್ಟಿಗೆ ಅದೇ ನಿಲ್ಲುತ್ತದೆ. ಪಾವತಿಯ ಅನುಬಂಧದಲ್ಲಿಯೂ ಅದೇ ಅರ್ಥ ಹೊಂದುತ್ತದೆಯೇ ಎಂದು ಪರೀಕ್ಷಿಸಿ, ಏಕೆಂದರೆ ಅನುಬಂಧಗಳನ್ನು ಬೇರೊಂದು ಯೋಜನೆಯ ಕರಾರಿನಿಂದ ಹಾಗೆಯೇ ತಂದು ಸೇರಿಸುವ ರೂಢಿಯಿದೆ. ವ್ಯಾಖ್ಯಾನಗಳಲ್ಲಿ ಅರ್ಥವೇ ಇಲ್ಲದಿದ್ದರೆ ಸಿಸಿ ಎಂಬುದನ್ನು ತೆಗೆಸಿ, ‘ಸಂಬಂಧಪಟ್ಟ ಪ್ರಾಧಿಕಾರ ನೀಡುವ ಕಂಪ್ಲೀಷನ್ ಸರ್ಟಿಫಿಕೇಟ್’ ಎಂದು ಪೂರ್ತಿ ಬರೆಸಿಕೊಳ್ಳಿ. ಸೇಲ್ಸ್ ಕಚೇರಿಯವರು ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು. ಉಪನೋಂದಣಿ ಕಚೇರಿಗೆ ಹೋಗುವ ಮುನ್ನವೇ ತಿದ್ದಿದ ಪ್ರತಿ ತಮ್ಮ ಕೈಯಲ್ಲಿರಲಿ.